ದಡದ ಬಿಸಿಲನ್ನು ನಂಬಿ ನೀರಿಗಿಳಿಯಬೇಡಿ

ಮಾನ್ಯ ಸಂಪಾದಕರೇ,

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಡುವ ತಂದೆತಾಯಿಗಳಿಗಾಗಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಇಲ್ಲಿ ಮಿಲ್ವಾಕಿಯಲ್ಲಿ ಕುಳಿತು ಮೊಬೈಲಿನಲ್ಲಿ ಓದಿದೆ. ವೀಸಾ, ವಿಮೆ, ಮಂಡಿನೋವಿನ ಮಾತ್ರೆ, ಹಪ್ಪಳ ಮುರಿಯದಂತೆ ಕಟ್ಟುವ ಬಗೆ, ಎಲ್ಲವೂ ಅನುಭವಸ್ಥರು ಬರೆದ ಹಾಗಿದೆ. ನನ್ನ ತಕರಾರು ಇರುವುದು ಕೊನೆಯ ಪ್ಯಾರಾದ ಬಗ್ಗೆ ಮಾತ್ರ. ಶಿಕಾಗೊ, ಮಿಲ್ವಾಕಿ ಕಡೆಗೆ ಹೋಗುವವರು ಮೇ ತಿಂಗಳಲ್ಲೇ ಹೋಗಬೇಕು, ಹಿತವಾದ ವಸಂತ, ಮಿಷಿಗನ್ ಸರೋವರದಲ್ಲಿ ಹಾಯಿದೋಣಿ ವಿಹಾರಕ್ಕೆ ಹೇಳಿ ಮಾಡಿಸಿದ ಕಾಲ ಎಂದು ಅಲ್ಲಿದೆ. ಜೊತೆಗೆ, ಅಂಗಿಯ ತೋಳು ಮಡಚಿ, ದೋಣಿಯ ಅಂಚಿನಿಂದ ಕಾಲು ಇಳಿಬಿಟ್ಟು ಕುಳಿತವರ ಚಿತ್ರ. ಆ ಚಿತ್ರ ಆಗಸ್ಟ್ ತಿಂಗಳದ್ದಿರಬೇಕು. ಮೇ ತಿಂಗಳಲ್ಲಿ ನನ್ನ ದೋಣಿಯಲ್ಲಿ ಯಾರಾದರೂ ಹಾಗೆ ಕುಳಿತರೆ ಅಲ್ಲಿಂದಲೇ ದೋಣಿಯನ್ನು ಹಿಂದಕ್ಕೆ ತಿರುಗಿಸುತ್ತೇನೆ.

ನಾನು ಸಾಗರ ತಾಲ್ಲೂಕಿನವಳು. ಲಿಂಗನಮಕ್ಕಿಯ ಹಿನ್ನೀರು ಅಜ್ಜನ ಗದ್ದೆಯನ್ನು ನುಂಗಿದ ಮೇಲೆ ಹುಟ್ಟಿದವಳು; ನೀರೆಂದರೆ ನಮ್ಮ ಮನೆಯಲ್ಲಿ ಯಾರಿಗೂ ವಿಹಾರದ ವಸ್ತುವಾಗಿರಲಿಲ್ಲ. 1998ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ನಲವತ್ತು ದಾಟಿದ ಮೇಲೆ ಹಾಯಿದೋಣಿ ನಡೆಸುವುದನ್ನು ಕಲಿತೆ. ಈಗ ನಮ್ಮದೇ ಆದ 25 ಅಡಿಯ ಹಳೆಯ ದೋಣಿಯೊಂದಿದೆ. ಚಳಿಗಾಲವಿಡೀ ಅದು ಬಿಳಿ ಪ್ಲಾಸ್ಟಿಕ್ ಹೊದ್ದು ಅಂಗಳದಲ್ಲಿ ಮರದ ಊರೆಗೋಲುಗಳ ಮೇಲೆ ನಿಂತಿರುತ್ತದೆ. ಏಪ್ರಿಲಿನಲ್ಲಿ ಅದರ ಹೊಟ್ಟೆಯನ್ನು ಉಜ್ಜಿ ಬಣ್ಣ ಬಳಿಯುತ್ತೇವೆ, ಮೇ ತಿಂಗಳಲ್ಲಿ ಕ್ರೇನ್ ಬಂದು ನೀರಿಗಿಳಿಸುತ್ತದೆ. ಹದಿನೈದು ವರ್ಷ ಈ ಕೆಲಸ ಮಾಡಿದ ಮೇಲೆ, ಒಂದು ವಿಷಯವನ್ನಾದರೂ ಖಚಿತವಾಗಿ ಹೇಳಬಲ್ಲೆ: ವಸಂತದಲ್ಲಿ ಈ ಸರೋವರದ ದಡ ಹೇಳುವುದೇ ಒಂದು, ನೀರು ಹೇಳುವುದೇ ಇನ್ನೊಂದು.

ಮೊದಲ ತೊಂದರೆ ‘ಸರೋವರ’ ಎಂಬ ಪದದಿಂದಲೇ ಹುಟ್ಟುತ್ತದೆ. ಊರಿನಿಂದ ಬಂದವರಿಗೆ ಆ ಪದ ಕೇಳಿದರೆ ಕುಕ್ಕರಹಳ್ಳಿ ಕೆರೆಯೋ ಹಲಸೂರು ಕೆರೆಯೋ ಕಣ್ಣಿಗೆ ಬರುತ್ತದೆ. ಮಿಷಿಗನ್ ಸರೋವರದ ಹರವು ಸುಮಾರು 58,000 ಚದರ ಕಿಲೋಮೀಟರ್. ಇಡೀ ಕರ್ನಾಟಕದ ಮೂರನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ. ಉದ್ದ, ಬೆಂಗಳೂರಿನಿಂದ ಬೆಳಗಾವಿಗೆ ರಸ್ತೆಯಲ್ಲಿ ಹೋದಷ್ಟು. ಮಿಲ್ವಾಕಿಯ ದಂಡೆಯಿಂದ ಎದುರಿನ ಮಸ್ಕೀಗನ್ ಊರಿಗೆ ಸುಮಾರು 130 ಕಿಲೋಮೀಟರ್. ಬೇಸಿಗೆಯಲ್ಲಿ ಓಡುವ ವೇಗದ ಫೆರಿಗೂ ಅದನ್ನು ದಾಟಲು ಎರಡೂವರೆ ಗಂಟೆ ಬೇಕು. ಆಳದ ಮಾತು ನಮ್ಮ ತಾಲ್ಲೂಕಿನವರಿಗೆ ಬೇಗ ಅರ್ಥವಾಗುತ್ತದೆ. ಜೋಗದ ಗುಂಡಿಗೆ ನೀರು ಬೀಳುವ ಎತ್ತರ 253 ಮೀಟರ್. ಈ ಸರೋವರದ ಅತಿ ಆಳವಾದ ಜಾಗ 281 ಮೀಟರ್. ಜೋಗವನ್ನು ಹಾಗೆಯೇ ಎತ್ತಿ ಅಲ್ಲಿ ಇಟ್ಟರೆ ರಾಜಾ ರೋರರ್ ರಾಣಿ ರಾಕೆಟ್ ನಾಲ್ಕೂ ಮುಳುಗಿ, ಮೇಲೆ ಇನ್ನೂ ಒಂದು ತೆಂಗಿನಮರದಷ್ಟು ನೀರು ನಿಲ್ಲುತ್ತದೆ.

ಅಷ್ಟು ನೀರು ಚಳಿಗಾಲದಲ್ಲಿ ತಣ್ಣಗಾದರೆ ಮತ್ತೆ ಬೆಚ್ಚಗಾಗಲು ತಿಂಗಳುಗಳು ಬೇಕು. ಏಪ್ರಿಲಿನಲ್ಲಿ ನೀರಿನ ಉಷ್ಣತೆ ನಾಲ್ಕೈದು ಡಿಗ್ರಿ ಸೆಲ್ಸಿಯಸ್. ಮೇ ನಡುವಿನಲ್ಲಿ ದಡದ ಹತ್ತಿರ ಏಳೆಂಟು. ನಿಮ್ಮ ಮನೆಯ ಫ್ರಿಜ್ಜಿನೊಳಗಿನ ನೀರಿನ ಬಾಟಲಿ ಇರುವಷ್ಟೇ ತಣ್ಣಗೆ. ಅದೇ ಹೊತ್ತಿಗೆ ನೆಲದ ಮೇಲೆ ಟ್ಯೂಲಿಪ್ ಅರಳಿ, ಮನೆಯಂಗಳದಲ್ಲಿ 25 ಡಿಗ್ರಿ ಬಿಸಿಲು ಇರಬಹುದು. ಇಲ್ಲಿಯ ಹವಾಮಾನ ವರದಿಯಲ್ಲಿ ವಸಂತ ಪೂರ್ತಿ ‘ಸರೋವರದ ಬಳಿ ಇನ್ನೂ ತಂಪು’ ಎಂಬ ಮಾತು ಪ್ರತಿದಿನ ಬರುತ್ತದೆ. ಕೇಳಿ ಕೇಳಿ ಕಿವಿಗೆ ಬೀಳದಂತಾಗಿರುವ ಆ ಮಾತೇ ಇಡೀ ವರದಿಯಲ್ಲಿ ನನಗೆ ಅತ್ಯಂತ ಮುಖ್ಯವಾದದ್ದು.

ಗಾಳಿಯ ವಿಷಯಕ್ಕೆ ಬರುತ್ತೇನೆ. ನೆಲದ ಕಡೆಯಿಂದ ಬರುವ ಬೆಚ್ಚನೆಯ ಗಾಳಿ ಹಗುರ. ಸರೋವರದ ಮೈಗೆ ಅಂಟಿಕೊಂಡ ತಣ್ಣನೆಯ ಗಾಳಿ ಭಾರ. ಹಗುರವಾದದ್ದು ಭಾರವಾದದ್ದರ ಮೇಲೆ ಜಾರಿಕೊಂಡು ಹೋಗುತ್ತದೆಯೇ ಹೊರತು ಕೆಳಗಿಳಿದು ಬೆರೆಯುವುದಿಲ್ಲ. ಹಾಗಾಗಿ ಹಾಯಿಗಂಬದ ತುದಿಯಲ್ಲಿರುವ ಗಾಳಿಸೂಚಿ ಗಿರಗಿರನೆ ತಿರುಗುತ್ತಿದ್ದರೂ ಕೆಳಗೆ ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತದೆ, ನೀರು ಎಣ್ಣೆಯಂತೆ ನುಣ್ಣಗಿರುತ್ತದೆ. ಹೊಸಬರು ಇದನ್ನು ಶಾಂತಿ ಎಂದುಕೊಳ್ಳುತ್ತಾರೆ. ಗಾಳಿ ಎಲ್ಲಿಗೂ ಹೋಗಿಲ್ಲ, ನಮ್ಮ ತಲೆಯ ಮೇಲೆ ಹತ್ತಾರು ಅಡಿ ಎತ್ತರದಲ್ಲಿದೆ, ಯಾವ ಗಳಿಗೆಯಲ್ಲಾದರೂ ಕೆಳಗಿಳಿಯಬಹುದು. ಮಂಜು ಕೂಡ ಇದೇ ಕಾರಣಕ್ಕೆ. ಬೆಚ್ಚನೆಯ ತೇವದ ಗಾಳಿ ತಣ್ಣೀರಿನ ಮೇಲೆ ಬಂದೊಡನೆ ಹೊಗೆಯಂತಾಗಿ, ಕಾಲು ಗಂಟೆಯಲ್ಲಿ ಬಂದರಿನ ದೀಪಸ್ತಂಭ ಕಾಣದಂತಾಗುತ್ತದೆ.

ಇವೆಲ್ಲಕ್ಕಿಂತ ಕಠಿಣವಾದದ್ದು ಉತ್ತರದಿಂದ ಇಳಿದು ಬರುವ ಶೀತಮಾರುತ. ಮಿಲ್ವಾಕಿಯ ಹವಾಮಾನ ಕಚೇರಿಯವರು 1960ರ ದಶಕದಲ್ಲೇ ಅದಕ್ಕೆ ‘ನ್ಯುಮೋನಿಯಾ ಫ್ರಂಟ್’ ಎಂದು ಹೆಸರಿಟ್ಟರು. ಒಂದು ಗಂಟೆಯೊಳಗೆ ಉಷ್ಣತೆ 16 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 9 ಡಿಗ್ರಿ ಸೆಲ್ಸಿಯಸ್, ಕುಸಿದರೆ ಅದು ನ್ಯುಮೋನಿಯಾ ಫ್ರಂಟ್. ನೆಲದ ಮೇಲೆ ಮರ, ಮನೆ, ಗುಡ್ಡ ಆ ಮಾರುತವನ್ನು ತಡೆದು ನಿಧಾನ ಮಾಡುತ್ತವೆ. ನುಣ್ಣನೆಯ ತಣ್ಣೀರಿನ ಮೇಲೆ ತಡೆಯುವವರು ಯಾರೂ ಇಲ್ಲ. ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತೆ ಅದು ಸರೋವರದುದ್ದಕ್ಕೂ ದಕ್ಷಿಣಕ್ಕೆ ನುಗ್ಗುತ್ತದೆ. ಆದ್ದರಿಂದಲೇ ಮುನ್ಸೂಚನೆ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಡುತ್ತದೆ.

ಅದರ ಕೈಗೆ ನಾನು ಸಿಕ್ಕಿದ್ದು ನನ್ನ ತಾಯಿಯನ್ನು ದೋಣಿಯಲ್ಲಿ ಕೂರಿಸಿಕೊಂಡಿದ್ದಾಗ. ಆ ದಿನದ ವಿವರ ಹೇಳಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಅಮ್ಮನಿಗೆ ಆಗ ಅರವತ್ತೆಂಟು. ಮೇ ತಿಂಗಳ ಒಂದು ಶನಿವಾರ. ಸರೋವರದಿಂದ ಇಪ್ಪತ್ತು ಕಿಲೋಮೀಟರ್ ಒಳಗಿರುವ ನಮ್ಮ ಮನೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಕಿಟಕಿ ತೆರೆಯುವಷ್ಟು ಬಿಸಿಲು. ನೈರುತ್ಯದ ಮೆಲುಗಾಳಿ. ನಾನು ಮುನ್ಸೂಚನೆ ಓದಿದ್ದೆ: ಸಂಜೆ ಉತ್ತರದಿಂದ ಶೀತಮಾರುತ, ಈಶಾನ್ಯದ ಗಾಳಿ, ಸಣ್ಣ ದೋಣಿಗಳಿಗೆ ಎಚ್ಚರಿಕೆ. ‘ಸಂಜೆ’ ಎಂಬ ಪದವನ್ನು ಹಿಡಿದುಕೊಂಡು, ಮೂರು ಗಂಟೆಗೆ ವಾಪಸು ಬಂದುಬಿಡೋಣ ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ನನ್ನದು, ತಪ್ಪೂ ನನ್ನದೇ.

ಅಮ್ಮ ಹತ್ತಿಯ ಸೀರೆಯ ಮೇಲೆ ಸ್ವೆಟರ್ ಹಾಕಿ, ಕೆಂಪು ಉಣ್ಣೆಯ ಶಾಲು ಹೊದ್ದು ಬಂದರು. ಜೀವರಕ್ಷಕ ಜಾಕೆಟ್ ತೊಡಿಸಿದೆ. ಬಂದರಿನ ಅಲೆತಡೆಗೋಡೆ ದಾಟುವವರೆಗೆ ಸುಮ್ಮನಿದ್ದರು. ಆಮೇಲೆ ಬೆವರು, ಕುತ್ತಿಗೆಗೆ ಒತ್ತುತ್ತದೆ, ಸೆರಗು ನಿಲ್ಲುವುದಿಲ್ಲ ಎಂದರು. ಕೊನೆಗೆ, “ನಲವತ್ತು ವರ್ಷ ಹೊಳೆ ದಾಟಿದ್ದೇನೆ, ಒಂದು ದಿನವೂ ಇದನ್ನು ಕಟ್ಟಿಕೊಂಡಿಲ್ಲ,” ಎಂದರು. ಅದು ನಿಜ. ತುಮರಿ ಕಡೆಯ ತವರಿಗೆ ಹೋಗುವಾಗ ಲಾಂಚಿನಲ್ಲಿ ಅವರು ಎಷ್ಟು ಸಲ ಹಿನ್ನೀರು ದಾಟಿದ್ದಾರೋ ಲೆಕ್ಕವಿಲ್ಲ. ಯಾರೂ ಅವರಿಗೆ ಜಾಕೆಟ್ ಕೊಟ್ಟಿರಲಿಲ್ಲ. ತಾಯಿಯ ಮಾತಿಗೆ ಎದುರಾಡಲು ನನಗೆ ಆಗಲಿಲ್ಲ. ಬಿಚ್ಚಿಕೊಟ್ಟೆ. ಅವರು ಅದನ್ನು ಮಡಚಿ, ಮೇಲೆ ದಿಂಬಿನಂತೆ ಕುಳಿತರು. ಶಾಲನ್ನು ಪಕ್ಕದ ಕಂಬಿಗೆ ಸುತ್ತಿದರು. ದಡದಿಂದ ನಾಲ್ಕು ಕಿಲೋಮೀಟರ್ ಹೊರಗೆ ಬಂದಿದ್ದೆವು. ಮಿಲ್ವಾಕಿ ಕಲಾ ಸಂಗ್ರಹಾಲಯದ ನೆತ್ತಿಯ ಮೇಲಿನ ಬಿಳಿಯ ರೆಕ್ಕೆಗಳು ಬಿಚ್ಚಿಕೊಂಡಿದ್ದವು. ಅದು ಕಲಾತ್ರಾವಾ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಕಟ್ಟಡ. ರೆಕ್ಕೆಯಿಂದ ರೆಕ್ಕೆಗೆ 66 ಮೀಟರ್, ಗಾಳಿಯ ವೇಗ ಗಂಟೆಗೆ 37 ಕಿಲೋಮೀಟರ್ ಮೀರಿ ಮೂರು ಸೆಕೆಂಡು ನಿಂತರೆ ತಾನಾಗಿ ಮಡಚಿಕೊಳ್ಳುತ್ತವೆ. ಅಮ್ಮ ಅದನ್ನು ಗರುಡನೆಂದು ಕರೆದರು.

ಎರಡು ಗಂಟೆಯ ಸುಮಾರಿಗೆ ಗಾಳಿ ನಿಂತುಹೋಯಿತು.

ನಮ್ಮ ಊರಿನಲ್ಲಿ ಭರಣಿ, ಕೃತ್ತಿಕೆ ಮಳೆಯ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಹೀಗೆ ಗಾಳಿ ನಿಂತರೆ ಅಪ್ಪ ಅಂಗಳದ ತುದಿಗೆ ಬಂದು ನಿಲ್ಲುತ್ತಿದ್ದರು. ಎಲೆ ಅಲ್ಲಾಡುವುದಿಲ್ಲ, ಸೆಕೆ ಮೈಗೆ ಅಂಟುತ್ತದೆ, ದನ ಮೇವು ಬಿಟ್ಟು ತಲೆ ಎತ್ತುತ್ತವೆ. “ಈಗ ಯಾರೂ ಹೊಳೆಗೆ ಇಳಿಯಬೇಡಿ,” ಎನ್ನುತ್ತಿದ್ದರು. ಅರ್ಧ ಗಂಟೆಯಲ್ಲಿ ಗುಡುಗು, ಬಿರುಗಾಳಿ, ಅಡಿಕೆ ಮರಗಳು ಬಿಲ್ಲಿನಂತೆ ಬಾಗುವ ಮಳೆ. ಅಪ್ಪನ ಆ ಮಾತು ಅಂದು ದೋಣಿಯಲ್ಲಿ ಅಮ್ಮನಿಗೇ ಮೊದಲು ನೆನಪಾಯಿತು. “ಗಾಳಿ ನಿಂತಿತಲ್ಲ,” ಎಂದರು, ಹಾಯಿಯ ಕಡೆ ನೋಡುತ್ತ. ನಾನು ಉತ್ತರದ ಕಡೆ ನೋಡಿದೆ. ನೀರಿನ ಮೇಲೆ, ಸ್ಲೇಟಿನ ಮೇಲೆ ಒದ್ದೆ ಬೆರಳಿನಿಂದ ಎಳೆದಂತೆ ಒಂದು ಕಪ್ಪು ಗೆರೆ. ಆಕಾಶದಲ್ಲಿ ಅದಕ್ಕೆ ತಕ್ಕ ಮೋಡವಿರಲಿಲ್ಲ. ಬಿಸಿಲು ಹಾಗೆಯೇ ಇತ್ತು.

ದೊಡ್ಡ ಹಾಯಿಯನ್ನು ಇಳಿಸಲು ಎದ್ದೆ. ಅರ್ಧ ಇಳಿದಿರಬಹುದು, ಅಷ್ಟರಲ್ಲಿ ಬಂತು. ಮೊದಲು ತಾಗಿದ್ದು ಗಾಳಿಯಲ್ಲ, ಚಳಿ. ನೆಲಮಾಳಿಗೆಯ ಬಾಗಿಲು ತೆರೆದಂತೆ. ಅದರ ಹಿಂದೆಯೇ ಗಾಳಿ. ದೋಣಿ ಒಮ್ಮೆಲೆ ಬಲಕ್ಕೆ ವಾಲಿತು, ಅಮ್ಮ ಕುಳಿತಿದ್ದ ಹಲಗೆಯಿಂದ ಜಾರಿ ಎದುರು ಬದಿಗೆ ಬಿದ್ದರು, ಅವರ ಒಂದು ಕೈ ಕಂಬಿಯನ್ನು ಹಿಡಿದಿತ್ತು. ಅದೇ ಗಳಿಗೆಯಲ್ಲಿ ಶಾಲು ಬಿಚ್ಚಿಕೊಂಡು ಹಾರಿ ನೀರಿಗೆ ಬಿತ್ತು.

ಆ ಶಾಲನ್ನು ನಾನು ನೋಡುತ್ತ ನಿಂತೆ. ನೋಡಲೇಬೇಕೆಂದು ಕಲಿಸಿದ್ದರು: ನೀರಿಗೆ ಏನಾದರೂ ಬಿದ್ದರೆ ಕಣ್ಣು ತೆಗೆಯಬಾರದು, ಎಣಿಸುತ್ತಿರಬೇಕು. ಕಡುಕೆಂಪು ಬಣ್ಣ, ಹಾಸಿದಂತೆ ತೇಲುತ್ತಿತ್ತು. ಏಳರವರೆಗೆ ಕಂಡಿತು. ಒಂದು ಅಲೆಯ ಹಿಂದೆ ಇಳಿಯಿತು, ಹನ್ನೊಂದಕ್ಕೆ ಮತ್ತೆ ಕಂಡಿತು, ಅಂಗೈಯಷ್ಟು. ಹದಿನೆಂಟಕ್ಕೆ ಮಾಯವಾಯಿತು. ಮತ್ತೆ ಕಾಣಲಿಲ್ಲ. ದೋಣಿಯನ್ನು ಆ ಗಾಳಿಯಲ್ಲಿ ತಿರುಗಿಸಿ ಅದೇ ಜಾಗಕ್ಕೆ ತರಲು ನನಗೆ ಕಡಿಮೆಯೆಂದರೂ ಐದಾರು ನಿಮಿಷ ಬೇಕಿತ್ತು. ಶಾಲು ಇದ್ದಲ್ಲಿ ಅಮ್ಮ ಇದ್ದಿದ್ದರೆ?

ವಾಪಸು ಬರಲು ಐವತ್ತು ನಿಮಿಷ ಹಿಡಿಯಿತು. ಈ ಸರೋವರದ ಅಲೆ ಕಡಲಿನ ಅಲೆಯಂತಲ್ಲ. ಕಾರವಾರ, ಮಲ್ಪೆಗಳಲ್ಲಿ ಕಂಡ ಉದ್ದನೆಯ ಏರಿಳಿತ ಇಲ್ಲಿಲ್ಲ. ಇಲ್ಲಿಯ ಅಲೆ ಗಿಡ್ಡ, ಕಡಿದು, ಒಂದರ ಬೆನ್ನಿಗೊಂದು, ನಾಲ್ಕೈದು ಸೆಕೆಂಡಿಗೊಂದು ಬಂದು ದೋಣಿಯ ಬೆನ್ನನ್ನು ಎತ್ತಿ ಕುಕ್ಕುತ್ತದೆ. ಪ್ರತಿ ಸಲ ಎತ್ತಿದಾಗಲೂ ಮೋಟಾರಿನ ರೆಕ್ಕೆ ನೀರಿನಿಂದ ಹೊರಬಂದು ಕಿರುಚುತ್ತಿತ್ತು. ಅಮ್ಮನಿಗೆ ಜಾಕೆಟ್ ತೊಡಿಸಿದ್ದೆ, ನನ್ನ ಕೋಟನ್ನು ಹೊದಿಸಿದ್ದೆ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡಿತ್ತು. ಅವರು ಮಾತನಾಡಲಿಲ್ಲ, ತುಟಿ ನೇರಳೆ ಹಣ್ಣು ತಿಂದವರಂತಾಗಿತ್ತು. ತಿರುಗಿ ನೋಡಿದಾಗ ದಡದಲ್ಲಿ ಆ ಬಿಳಿಯ ಗರುಡನ ರೆಕ್ಕೆ ಮಡಚಿತ್ತು. ಕಾರು ನಿಲ್ಲಿಸಿದ್ದಲ್ಲಿಗೆ ಬಂದು ಹೀಟರ್ ಹಾಕಿದಾಗ ಪರದೆಯ ಮೇಲೆ ಹೊರಗಿನ ಉಷ್ಣತೆ 8 ಡಿಗ್ರಿ ಎಂದು ತೋರಿಸುತ್ತಿತ್ತು. ಮಧ್ಯಾಹ್ನ ಅಲ್ಲಿಯೇ 22 ಇತ್ತು.

ಬಿದ್ದರೆ ಏನಾಗುತ್ತದೆ ಎಂಬುದನ್ನು ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಒಂದು, ಹತ್ತು, ಒಂದು ಎಂಬ ಸೂತ್ರವಾಗಿ ಹೇಳಿಕೊಟ್ಟಿದ್ದಾರೆ. ಮೊದಲ ಒಂದು ನಿಮಿಷ ಉಸಿರು ನಮ್ಮ ಮಾತು ಕೇಳುವುದಿಲ್ಲ. ತಣ್ಣೀರು ತಾಗಿದೊಡನೆ ದೇಹ ತಾನಾಗಿ ಬಾಯಿ ತೆರೆದು ಗಾಳಿ ಎಳೆಯುತ್ತದೆ, ಆ ಕ್ಷಣ ತಲೆ ನೀರಿನೊಳಗಿದ್ದರೆ ಎಳೆಯುವುದು ಗಾಳಿಯನ್ನಲ್ಲ. ಆಮೇಲೆ ಹತ್ತು ನಿಮಿಷ ಕೈಕಾಲು ಕೆಲಸಕ್ಕೆ ಬರುತ್ತವೆ. ಪ್ರಜ್ಞೆ ತಪ್ಪಲು ಒಂದು ಗಂಟೆಯಾದರೂ ಬೇಕು. ಚಳಿಯಿಂದ ಸಾಯುತ್ತಾರೆ ಎಂದು ಎಲ್ಲರೂ ತಿಳಿದಿದ್ದಾರೆ. ಚಳಿ ಕೊಲ್ಲುವಷ್ಟು ಹೊತ್ತು ಬದುಕಿರುವುದಕ್ಕೇ ಜಾಕೆಟ್ ಬೇಕು. ಅದಿಲ್ಲದವರು ಮೊದಲ ನಿಮಿಷದಲ್ಲೋ, ತೋಳು ಸೋತ ಮೇಲೋ ಮುಳುಗುತ್ತಾರೆ.

“ನನಗೆ ಈಜು ಬರುತ್ತದೆ” ಎಂಬ ಮಾತನ್ನು ಊರಿನಿಂದ ಬಂದ ಗಂಡಸರಿಂದ ಕೇಳಿ ನನಗೆ ಸಾಕಾಗಿದೆ. ನನ್ನ ತಮ್ಮ ಶರಾವತಿಯ ಹಿನ್ನೀರನ್ನು ಈಜಿ ದಾಟಿದವನು. ಅವನು ಬಂದಾಗ ವಾದ ಮಾಡಲಿಲ್ಲ. ಕಟ್ಟೆಯಲ್ಲಿ ನಿಂತು ಒಂದು ಬಕೆಟ್ ಸರೋವರದ ನೀರು ಸೇದಿ ಮುಂದಿಟ್ಟೆ. ಮೊಣಕೈವರೆಗೆ ಕೈ ಇಡು, ನೂರು ಎಣಿಸು ಎಂದೆ. ನಗುತ್ತ ಇಟ್ಟ. ಇಪ್ಪತ್ತಕ್ಕೆ ನಗು ನಿಂತಿತು. ಐವತ್ತಕ್ಕೆ ಹಲ್ಲು ಕಚ್ಚಿದ. ಹಟಗಾರ, ನೂರು ಮುಗಿಸಿದ. ಆಮೇಲೆ ಅವನ ಕೈಗೆ ಜಾಕೆಟ್ಟಿನ ಕ್ಲಿಪ್ ಕೊಟ್ಟು, ಹಾಕು ಎಂದೆ. ಬೆರಳು ಒಂದಕ್ಕೊಂದು ಕೂಡಲಿಲ್ಲ. ಎರಡು ತುಂಡನ್ನು ಹಿಡಿದುಕೊಂಡು ಚಿಕ್ಕ ಮಗುವಿನಂತೆ ತಡಕಾಡಿದ. ನೀರಿಗೆ ಬಿದ್ದ ಮೇಲೆ ಜಾಕೆಟ್ ಹಾಕಿಕೊಂಡರಾಯಿತು ಎನ್ನುವವರಿಗೆ ನಾನು ಕೊಡುವ ಉತ್ತರ ಆ ಬಕೆಟ್. ಈಗ ಜೂನ್ ಮುಗಿಯುವವರೆಗೆ ನಮ್ಮ ದೋಣಿ ಹತ್ತುವ ಪ್ರತಿಯೊಬ್ಬರೂ ಮೊದಲು ಅದರಲ್ಲಿ ಕೈ ಇಡಬೇಕು.

ಇಲ್ಲಿಯ ಕೇಂದ್ರ ಸರ್ಕಾರದ ನಿಯಮ ಹದಿಮೂರು ವರ್ಷದೊಳಗಿನ ಮಕ್ಕಳು ಚಲಿಸುವ ದೋಣಿಯ ಮೇಲೆ ಜಾಕೆಟ್ ತೊಟ್ಟಿರಲೇಬೇಕು ಎನ್ನುತ್ತದೆ. ದೊಡ್ಡವರಿಗೆ, ತಲೆಗೊಂದರಂತೆ ದೋಣಿಯಲ್ಲಿ ಇದ್ದರೆ ಸಾಕು. ಹಾಗಾಗಿ ನಿಮ್ಮ ಮಗನೋ ಅಳಿಯನೋ ಅವರ ಗೆಳೆಯರೋ, “ಬೇಕಾದರೆ ಹಾಕಿಕೊಳ್ಳಿ” ಎಂದು ಉಪಚಾರಕ್ಕೆ ಹೇಳಬಹುದು. ದಯವಿಟ್ಟು ಹಾಕಿಕೊಳ್ಳಿ. ಸೀರೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ, ಫೋಟೋದಲ್ಲಿ ದಪ್ಪ ಕಾಣುತ್ತೇವೆ, ಇವೆಲ್ಲ ನನಗೂ ಗೊತ್ತು. ಸಾಧ್ಯವಾದರೆ ಆ ದಿನ ಸೀರೆಯ ಬದಲು ಉಣ್ಣೆಯ ಪ್ಯಾಂಟು ಹಾಕಿಕೊಳ್ಳಿ. ಆರು ಗಜ ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಎಂಥ ಈಜುಗಾರ್ತಿಯೂ ಕಾಲು ಬಡಿಯಲಾರಳು.

ತಂದೆತಾಯಿಗಳಷ್ಟೇ ಅಲ್ಲ, ಇಲ್ಲಿಗೆ ಓದಲು, ಕೆಲಸಕ್ಕೆ ಬರುವ ನಮ್ಮ ಹುಡುಗ ಹುಡುಗಿಯರ ಬಗ್ಗೆ ನನಗೆ ಇನ್ನೂ ಹೆಚ್ಚು ಭಯ. ಮೊದಲ ಬಿಸಿಲು ಬಿದ್ದ ಶನಿವಾರ, ಅಂಗಡಿಯಿಂದ ಗಾಳಿ ತುಂಬುವ ಹಲಗೆಯನ್ನೋ ಪುಟ್ಟ ದೋಣಿಯನ್ನೋ ಕೊಂಡು ನೇರ ಸರೋವರಕ್ಕೆ ಬರುತ್ತಾರೆ. ಪಡುವಣ ಗಾಳಿ ಬೀಸುತ್ತಿದ್ದರೆ ಮಿಲ್ವಾಕಿಯ, ಶಿಕಾಗೊದ ದಡದಲ್ಲಿ ನೀರು ಕನ್ನಡಿಯಂತಿರುತ್ತದೆ, ಏಕೆಂದರೆ ಊರೇ ಗಾಳಿಗೆ ಅಡ್ಡ ನಿಂತಿದೆ. ಮುನ್ನೂರು, ನಾನೂರು ಮೀಟರ್ ಹೊರಗೆ ಹೋದ ಮೇಲೆ ಆ ಆಸರೆ ಮುಗಿಯುತ್ತದೆ. ಅಲ್ಲಿಂದ ಗಾಳಿ ತಳ್ಳುವುದು ಒಂದೇ ದಿಕ್ಕಿಗೆ, ಮಿಲ್ವಾಕಿಯಿಂದಾದರೆ 130 ಕಿಲೋಮೀಟರ್ ಆಚೆಯ ಮಿಷಿಗನ್ ರಾಜ್ಯದ ಕಡೆಗೆ. ಗಾಳಿ ತುಂಬಿದ ಹಗುರ ಹಲಗೆಗೆ ಅದನ್ನು ಎದುರಿಸುವ ಶಕ್ತಿಯಿಲ್ಲ, ಎಷ್ಟು ಹುಟ್ಟು ಹಾಕಿದರೂ. ದಡದಿಂದ ಬೀಸುವ ಗಾಳಿಯ ದಿನ ನೀರು ಎಷ್ಟೇ ಸುಂದರವಾಗಿದ್ದರೂ ಮರಳಿನ ಮೇಲೆಯೇ ಕುಳಿತಿರಿ ಎಂದು ಅವರ ಮನೆಯವರು ಫೋನಿನಲ್ಲಿ ಹೇಳಿದರೆ ನಾಲ್ಕು ಜನರಾದರೂ ಕೇಳಿಯಾರು.

ಅಲೆತಡೆಗೋಡೆಯ ಮೇಲೆ ನಡೆದು ಹೋಗಿ ಚಿತ್ರ ತೆಗೆಯುವವರಿಗೂ ಒಂದು ಮಾತು. 2018ರ ಏಪ್ರಿಲ್ 13ರಂದು ಎದುರು ದಡದ ಲಡಿಂಗ್ಟನ್ ಊರಿನಲ್ಲಿ, ಬಿರುಗಾಳಿಯ ಒತ್ತಡದ ಏರುಪೇರಿನಿಂದ ಸರೋವರದ ಮಟ್ಟವೇ ಕೆಲವು ನಿಮಿಷ ಏರಿ, ಜನ ನಡೆದಾಡುವ ಅಲೆತಡೆಗೋಡೆ ಮುಳುಗಿ, ಮತ್ತೆ ಇಳಿಯಿತು. ಹವಾಮಾನದಿಂದಲೇ ಏಳುವ ಸುನಾಮಿ ಅದು. ವಿಜ್ಞಾನಿಗಳು ಮೀಟಿಯೋಸುನಾಮಿ ಎನ್ನುತ್ತಾರೆ.

ಬೇರೆ ಊರುಗಳ ಕನ್ನಡಿಗರು ಇದು ಮಿಲ್ವಾಕಿಯ ಕಥೆ ಎಂದು ಪಕ್ಕಕ್ಕಿಡಬಾರದು. ಟೊರಾಂಟೊದವರ ಮುಂದಿರುವ ಒಂಟಾರಿಯೊ ಸರೋವರವೂ 244 ಮೀಟರ್ ಆಳ, ಅದೂ ಹೀಗೆಯೇ ನಿಧಾನವಾಗಿ ಬೆಚ್ಚಗಾಗುತ್ತದೆ. ಸುಪೀರಿಯರ್ ಸರೋವರದ ನಡುವೆ ಜೂನ್ ತಿಂಗಳಲ್ಲೂ ನೀರು ನಾಲ್ಕು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕ್ಲೀವ್‌ಲ್ಯಾಂಡ್, ಬಫಲೋದವರ ಈರಿ ಸರೋವರ ಆಳವಿಲ್ಲದ್ದು, ಬೇಗ ಬೆಚ್ಚಗಾಗುತ್ತದೆ. ಆದರೆ ಆಳವಿಲ್ಲದ ಕಾರಣಕ್ಕೇ ಅಲ್ಲಿ ಅಲೆ ಬಹಳ ಬೇಗ ಏಳುತ್ತದೆ. ಇನ್ನೊಂದು ವಿಷಯ: ಸರೋವರದ ನಡುವೆ ಗಾಳಿ, ಅಲೆ, ಉಷ್ಣತೆ ಅಳೆಯುವ ತೇಲುಬುರುಡೆಗಳನ್ನು ಮಂಜುಗಡ್ಡೆಗೆ ಹೆದರಿ ಚಳಿಗಾಲಕ್ಕೆ ಮೊದಲೇ ತೆಗೆದಿಡುತ್ತಾರೆ, ವಸಂತದಲ್ಲಿ ಒಂದೊಂದಾಗಿ ಮರಳಿ ಇಡುತ್ತಾರೆ. ಅಂದರೆ ನೀರು ಅತ್ಯಂತ ಅಪಾಯಕಾರಿಯಾಗಿರುವ ವಾರಗಳಲ್ಲೇ ನೀರಿನ ಮೇಲೆ ನಮ್ಮ ಕಣ್ಣುಗಳು ಕಡಿಮೆ. ಮುನ್ಸೂಚನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹೊರಡುವ ಮುನ್ನ ಮೂರು ಸಲ ಓದುತ್ತೇನೆ, ನೀರಿನ ಮೇಲೆ ರೇಡಿಯೊ ಹಚ್ಚಿಟ್ಟಿರುತ್ತೇನೆ. ಅದರಲ್ಲಿ ‘ಸಂಜೆ’ ಎಂದಿದ್ದರೆ ಈಗ ಮಧ್ಯಾಹ್ನ ಎಂದೇ ಓದಿಕೊಳ್ಳುತ್ತೇನೆ.

ಇನ್ನು ನಮ್ಮ ಊರಿನ ಮಾತು. ಅಂದು ಅಮ್ಮ ಹೇಳಿದ ಆ ನಲವತ್ತು ವರ್ಷದ ಮಾತು ನನ್ನನ್ನು ಬಿಟ್ಟಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಶರಾವತಿಯ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದಾಗ ನಮ್ಮ ಮನೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. 1964ರಲ್ಲಿ ಅಣೆಕಟ್ಟು ಮುಗಿದಾಗಿನಿಂದ ದ್ವೀಪದವರಂತೆ ಬದುಕಿದವರಿಗೆ ಅದರ ಬೆಲೆ ಗೊತ್ತು. ಆದರೆ ಸೇತುವೆ ಬಂತೆಂದು ಹಿನ್ನೀರಿಗೆ ಜನ ಇಳಿಯುವುದು ನಿಲ್ಲುವುದಿಲ್ಲ. ಮೀನಿಗೆ ಹೋಗುವ ತೆಪ್ಪ, ರಜೆಗೆ ಬರುವವರ ದೋಣಿ ಇದ್ದೇ ಇರುತ್ತವೆ, ರಜೆ ಬೀಳುವುದೂ ಏಪ್ರಿಲ್, ಮೇ ತಿಂಗಳಲ್ಲೇ. ನೀರು ಇಳಿದು ಹಳೆಯ ಮರದ ಬೊಡ್ಡೆಗಳು ಮೇಲಕ್ಕೆ ಬರುವ ಕಾಲ, ಮಧ್ಯಾಹ್ನದ ಮೇಲೆ ಗುಡುಗು ಗಾಳಿಯ ಕಾಲ. ನಮ್ಮ ನೀರು ಬೆಚ್ಚಗಿದೆ, ನಿಜ. ಆದರೆ ಗಾಳಿಗೆ ಮಗುಚಿದ ದೋಣಿಯಿಂದ ಬಿದ್ದವರಿಗೆ ಬೇಕಾದದ್ದು ಇಲ್ಲಿಯೂ ಅಲ್ಲಿಯೂ ಅದೇ ಒಂದು ಜಾಕೆಟ್. ದೋಣಿಯ ಮೂಲೆಯಲ್ಲಿ ಗಂಟು ಕಟ್ಟಿ ಎಸೆದದ್ದಲ್ಲ, ಮೈಮೇಲೆ ಕ್ಲಿಪ್ ಬಿಗಿದದ್ದು. ಮಳೆನಕ್ಷತ್ರದ ಲೆಕ್ಕವನ್ನು ನಿಮ್ಮ ಪತ್ರಿಕೆ ಈಗಲೂ ಪಂಚಾಂಗದ ಅಂಕಣದಲ್ಲಿ ಕೊಡುತ್ತದೆ. ಆ ಅಂಕಣದ ಪಕ್ಕದಲ್ಲಿ, ಏಪ್ರಿಲಿನಿಂದ ಮುಂಗಾರು ಹಿಡಿಯುವವರೆಗೆ, ಮಧ್ಯಾಹ್ನದ ಮೇಲೆ ಹಿನ್ನೀರಿಗೆ ಇಳಿಯಬೇಡಿ, ಇಳಿದರೆ ಜಾಕೆಟ್ ತೊಡಿ ಎಂಬ ಎರಡು ಸಾಲು ದಿನವೂ ಹಾಕಲು ಸಾಧ್ಯವೇ? ಭಾನುವಾರದ ಲೇಖನದ ಕೊನೆಯ ಪ್ಯಾರಾವನ್ನೂ ತಿದ್ದಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಮಿಷಿಗನ್ ಸರೋವರವನ್ನು ದಡದಿಂದ ನೋಡಬಹುದು, ಬಹಳ ಚೆಂದವಾಗಿರುತ್ತದೆ. ದೋಣಿ ಹತ್ತಲು ಜುಲೈವರೆಗೆ ಕಾಯಿರಿ ಎಂದು ಬರೆದರೆ ಸಾಕು.

ಅಮ್ಮ ಈಗ ಸಾಗರದಲ್ಲಿದ್ದಾರೆ. ಅಮೆರಿಕಕ್ಕೆ ಹೊರಟವರು ಯಾರಾದರೂ ಮನೆಗೆ ಹೇಳಿ ಹೋಗಲು ಬಂದರೆ ಶಾಲಿನ ಕಥೆ ಹೇಳದೆ ಕಳುಹಿಸುವುದಿಲ್ಲ. ಈ ವರ್ಷ ಮೇ ಮೊದಲ ವಾರ ಅಕ್ಕ ಭಾವ ಇಲ್ಲಿಗೆ ಬರುತ್ತಿದ್ದಾರೆ, ಜೂನ್ ಕೊನೆಗೆ ಹೊರಡುತ್ತಾರೆ. ಅವರನ್ನು ದೋಣಿಗೆ ಕರೆದುಕೊಂಡು ಹೋಗುವುದಿಲ್ಲ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆ. ಭಾವನಿಗೆ ಬೇಸರವಾಗಿದೆ, ಅಷ್ಟು ದೂರ ಬಂದು ದಡದಲ್ಲಿ ನಿಲ್ಲುವುದೇ ಎಂದರು. ಹಿಂದಿನಿಂದ ಅಮ್ಮನ ದನಿ ಕೇಳಿಸಿತು, ಬಕೆಟ್ ತೋರಿಸು ಅವನಿಗೆ ಎಂದು.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಓದುಗಾರ್ತಿ
ಮಿಲ್ವಾಕಿ, ವಿಸ್ಕಾನ್ಸಿನ್